ಹುಲ್ಲಿಗಿಂತ ಮೊದಲು

ಅವರ ಬಲಗೈ ತೋರುಬೆರಳಿನ ಉಗುರು ಮಾತ್ರ ಉದ್ದ. ಕಂಪ್ಯೂಟರ್ ಪರದೆಯ ಮೇಲೆ ಹೊಲದ ಗಡಿಯನ್ನು ಅದರಿಂದಲೇ ಗೀರುತ್ತಿದ್ದರು. ಪರದೆಯ ತುಂಬ ಗೀಚು. 'ಸರ್, ಮೌಸ್ ಇದೆಯಲ್ಲ' ಎಂದು ರೇಗಿಸಿದರೆ, 'ಅದಕ್ಕ ಬದು ಏನ್ ತಿಳೀತದ ತಂಗಿ?' ಎನ್ನುತ್ತಿದ್ದರು.

ಮುಂಬೈಯ ಪರೇಲಿನ ನಮ್ಮ ಆಫೀಸಿನ ಕೆಲಸವೇ ವಿಚಿತ್ರ. ಬ್ರೆಜಿಲ್‌ನಲ್ಲಿ ಬೆಳೆದ ಸೋಯಾ ಹಡಗು ಹತ್ತಿ ದೂರದ ದೇಶಗಳ ಹಂದಿ, ಕೋಳಿಗಳ ಹೊಟ್ಟೆ ಸೇರುತ್ತದೆ. ಆ ಹೊಲ ಕಾಡು ಕಡಿದು ಮಾಡಿದ್ದಲ್ಲವೆಂದು ಉಪಗ್ರಹದ ಚಿತ್ರ ನೋಡಿ ನಾವು ಷರಾ ಬರೆಯಬೇಕು. ಅದನ್ನು ನನಗೆ ಕಲಿಸಿದವರು ವಿಜಯಪುರದ ಈ ಹಿರಿಯರು. ಹಿಂದೆ ಸರಪಳಿ ಹಿಡಿದು ಹೊಲ ಅಳೆದವರು. ನಿವೃತ್ತಿಯಾದ ಮೇಲೆ ವರ್ಷದ ಕಾಂಟ್ರ್ಯಾಕ್ಟಿನಲ್ಲಿ ಇಲ್ಲಿ ಕೂತಿದ್ದರು.

ಒಂದು ಮಧ್ಯಾಹ್ನ ಒಂದು ಹೊಲಕ್ಕೆ ನಾನು 'ಹಳೆಯ ಹುಲ್ಲುಗಾವಲು, ಅಡ್ಡಿಯಿಲ್ಲ' ಎಂದು ಬರೆದೆ. ಅವರು ಚಿತ್ರಗಳನ್ನು ಒಂದೊಂದೇ ವರ್ಷ ಹಿಂದಕ್ಕೆ ಸರಿಸಿದರು. ಸೋಯಾ, ಅದರ ಹಿಂದೆ ದನ ಮೇಯುವ ಹುಲ್ಲು. ನಾನು ನಿಲ್ಲಿಸಿದ್ದು ಅಲ್ಲಿಗೇ.

'ಹುಲ್ಲಿಗಿಂತ ಮೊದಲ ಏನಿತ್ತು?'

ಇನ್ನೂ ನಾಲ್ಕು ವರ್ಷ ಹಿಂದೆ ಹೋದರೆ ದಟ್ಟ ಕಾಡು.

'ಮೊದಲ ಬೆಂಕಿ ಹಚ್ತಾರ. ಆಮ್ಯಾಲ ದನಾ ಬಿಡ್ತಾರ. ನೆಲಾ ಹದಕ್ಕ ಬಂದ ಮ್ಯಾಲ ಸೋಯಾ. ಕಾಗದದಾಗ ಮಾತ್ರ ಬರೇ ಹುಲ್ಲು.'

ಅಲ್ಲಿ ಬಂದರಿನಲ್ಲಿ ಹಡಗು ಈ ಸಹಿಗಾಗಿ ಕಾದು ನಿಂತಿತ್ತು. ಮ್ಯಾನೇಜರ್ ಮೂರು ಸಲ ಬಂದರು. 'ಕಾಕಾ, ಸೈನ್ ಕರೋ ನಾ' ಎಂದವರು ಮೂರನೆಯ ಸಲ ದನಿ ತಗ್ಗಿಸಿ, 'ಕಾಂಟ್ರ್ಯಾಕ್ಟ್ ಇಸೀ ಮಹೀನೆ ಖತಮ್ ಹೈ ನಾ?' ಎಂದು ಈ ತಿಂಗಳಿಗೇ ಅದು ಮುಗಿಯುವುದನ್ನು ನೆನಪಿಸಿದರು. ಹಿರಿಯರು ನನ್ನ ಷರಾ ಹೊಡೆದುಹಾಕಿ 'ಕಾಡು' ಎಂದು ಬರೆದು, ಊಟದ ಡಬ್ಬಿ ಎತ್ತಿಕೊಂಡು ಲೋಕಲ್ ರೈಲು ಹಿಡಿಯಲು ಹೊರಟುಬಿಟ್ಟರು.

ಅವರು ಹೋದದ್ದೇ ತಡ, ಅದೇ ಕಡತ ನನ್ನ ಮುಂದೆ ಬಂತು, ಅವರ ಷರಾ ಇಲ್ಲದೆ. ನನಗೆ ಕೆಲಸ ಬೇಕಿತ್ತು. ಸಹಿ ಹಾಕಿದೆ.

ತಿಂಗಳ ಕೊನೆಗೆ ಅವರ ಕುರ್ಚಿ ಖಾಲಿಯಾಯಿತು. ಆಮೇಲೊಮ್ಮೆ ಮಾಟುಂಗದ ಹೋಟೆಲಿನಲ್ಲಿ ಸಿಕ್ಕಾಗ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ. ಇಡ್ಲಿ ಮುರಿಯುತ್ತಿದ್ದ ಕೈ ನಿಲ್ಲಿಸಿ, 'ಮುಂದಿಂದರ ಸರಿಯಾಗಿ ನೋಡವಾ' ಎಂದರು, ಅಷ್ಟೇ. ಈ ಮಳೆಗಾಲದಲ್ಲಿ ತೀರಿಕೊಂಡರು.

ಅವರ ಕಂಪ್ಯೂಟರ್ ಈಗ ನನ್ನದು. ನಿನ್ನೆ ಮತ್ತೊಂದು 'ಹಳೆಯ ಹುಲ್ಲುಗಾವಲು' ಬಂತು. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು. ಆ ಗೀಚುಗಳ ಮೇಲೆ ಬೆರಳಿಟ್ಟು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿ, 'ಕಾಡು' ಎಂದು ಬರೆದೆ. ಆದರೂ ಅಂದು ಅವರು ಬೇಡವೆಂದ ಆ ಒಂದು ಹೊಲದ ಮೇಲೆ ನನ್ನ ಸಹಿ ಹಾಗೆಯೇ ಇದೆ.