ಅಳಿಯಂದಿರ ಗಾಡಿಗೆ ಹಾಕಿದ ಗಂಟು

ಕೇಳ್ರಪ್ಪಾ, ಇವತ್ತು ನನ್ನಿವಾಳದ ಹತ್ತಿರ ನಮ್ಮ ಅಳಿಯಂದಿರ ಡೀಸೆಲ್ ಪಿಕಪ್ ಕೆಟ್ಟು ನಿಂತಿತು. ಚಳ್ಳಕೆರೆ ಸಂತೆಗೆ ಹೊರಟಿದ್ದ ಕುರಿಗಳು ಒಳಗೆ ಬಿಸಿಲಿಗೆ ಅರಚುತ್ತಿದ್ದವು. ನನ್ನ ಮಗ ಓಬಳೇಶನದು ಬೇರೆ ಕಂಪನಿಯ ಪಿಕಪ್. ಯಾರ ಗಾಡಿ ಗಟ್ಟಿ, ಯಾವುದು ಹೆಚ್ಚು ಎಳೆಯುತ್ತದೆ ಅಂತ ಹಬ್ಬಕ್ಕೆ ಸೇರಿದಾಗಲೆಲ್ಲ ಇಬ್ಬರಿಗೂ ಜಗಳ. ಮಗಳು ಫೋನ್ ಮಾಡಿದ್ದೇ ತಡ, ಹಗ್ಗ ಹಿಡಿದು ನನ್ನನ್ನೂ ಕೂರಿಸಿಕೊಂಡು ಹೊರಟ.

“ಕಟ್ಲಾ ಬಾವ?” ಅಂತ ಹಲ್ಲು ಕಿರಿದ.

“ಬ್ಯಾಡ. ಕುರಿ ಸತ್ರೂ ನಿನ್ನ ಡಬ್ಬದ ಹಿಂದೆ ನಾ ಬರಲ್ಲ,” ಅಂದರು ಅಳಿಯಂದಿರು.

ನನಗೆ ರೇಗಿತು. “ಮದುವೇಲಿ ನನ್ ಮಗಳು ನಿಮ್ಮ ಶಲ್ಯಕ್ಕೆ ಸೆರಗು ಗಂಟು ಹಾಕ್ಕೊಂಡು ಹಿಂದೆ ಬರ್ಲಿಲ್ವಾ? ಅವಳೇನು ಕೆಟ್ಟು ನಿಂತ ಗಾಡಿನಾ? ಸುಮ್ನೆ ಕಟ್ಟಿಸ್ಕೊಳ್ರಿ!”

ಅಳಿಯಂದಿರು ಹಗ್ಗ ಕಟ್ಟಿಸಿಕೊಂಡರು. ಕುರಿಗಳೆಲ್ಲ ಕ್ಷೇಮವಾಗಿ ಸಂತೆ ಸೇರಿದವು. ಇಳಿದ ತಕ್ಷಣ ಅಳಿಯಂದಿರು ಮೀಸೆ ತಿರುವಿದರು. “ನೋಡ್ರಿ ಅತ್ತೆ, ಇಲ್ಲಿಗಂಟ ನನ್ ಗಾಡಿ ಒಂದು ತೊಟ್ಟು ಡೀಸೆಲ್ ಕುಡೀಲಿಲ್ಲ. ಮೈಲೇಜ್ ಅಂದ್ರೆ ಇದು!”

ನಾನು ಮಗಳನ್ನು ಕೊಟ್ಟಿದ್ದು ಈ ಬಾಯಿ ನೋಡಿ, ಗಾಡಿ ನೋಡಿ ಅಲ್ಲ ಬಿಡಿ.