ಹೆಣ್ಣು ನೋಡಲು ಹೋದ ಸ್ಮಾರ್ಟ್ ಚಶ್ಮಾ

ಹೋದ ಭಾನುವಾರ ಕಂಪ್ಲಿಯ ಒಂದು ಮನೆಯಲ್ಲಿ, ತೀರಿಹೋಗಿ ಎರಡು ವರ್ಷವಾದ ಹಿರಿಯರೊಬ್ಬರ ಆರೋಗ್ಯ ವಿಚಾರಿಸಿದೆ.

ನಗುನಗುತ್ತಾ ವಿಚಾರಿಸಿದೆ. ಅದೂ ಯಾರನ್ನು? ಅವರ ಹೆಂಡತಿಯನ್ನೇ. ಆ ಮನೆಯ ಮೊಮ್ಮಗಳನ್ನು ಮದುವೆಯಾಗುವ ಆಸೆ ಇಟ್ಟುಕೊಂಡು ಹೋಗಿದ್ದವನು ನಾನು.

(ಈಗಲೇ ನಗಬೇಡಿ. ಇನ್ನೂ ಇದೆ.)

ತಪ್ಪು ನನ್ನದಲ್ಲ, ಚಶ್ಮಾದ್ದು. ಹೀಗಂತ ಒಂದು ವಾರದಿಂದ ಅವ್ವನಿಗೆ ಹೇಳುತ್ತಿದ್ದೇನೆ. ಅವ್ವ ಮಾತೇ ಬಿಟ್ಟಿದ್ದಾಳೆ. ಊಟದ ತಟ್ಟೆ ಮಾತ್ರ ಮುಂದೆ ಬರುತ್ತಿದೆ, ಸದ್ದು ಸ್ವಲ್ಪ ಜೋರಾಗಿಯೇ.

ಹೊಸಪೇಟೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇರುವುದು ಅಂಕಣದ ಓದುಗರಾದ ನಿಮಗೆ ಗೊತ್ತು. ಫೋನಿಗೆ ಟೆಂಪರ್ಡ್ ಗ್ಲಾಸ್ ಅಂಟಿಸುವುದು, ಒಳಗೆ ಗುಳ್ಳೆ ಉಳಿದರೆ ಗಿರಾಕಿಯ ಬೆರಳಿನ ಮೇಲೆ ಆರೋಪ ಹೊರಿಸುವುದು ನನ್ನ ವೃತ್ತಿ. ಇಂಥ ನಾನು ಎರಡು ವರ್ಷದಿಂದ ಬಂದವರಿಗೆಲ್ಲ ಒಂದೇ ಭವಿಷ್ಯ ಹೇಳುತ್ತಿದ್ದೆ. ಫೋನಿನ ಕಾಲ ಮುಗಿಯಿತು. ಇನ್ನು ಎಲ್ಲವೂ ಚಶ್ಮಾ. ಹಾಕಿಕೊಂಡರೆ ಸಾಕು, ದಾರಿ, ಹೆಸರು, ಮೆಸೇಜು ಎಲ್ಲ ಕಣ್ಣ ಮುಂದೆ ಗಾಳಿಯಲ್ಲೇ ತೇಲುತ್ತದೆ.

ಚೋರನೂರಿನ ಒಬ್ಬ ಹಿರಿಯರು ಪೂರ್ತಿ ಆಲಿಸಿ ಕೇಳಿದರು, "ಅಂದ್ರ ಈ ಗ್ಲಾಸು ಅಂಟಸೂದು ಬ್ಯಾಡೇನಪಾ?"

"ಅಂಟಸ್ರಿ ಯಜಮಾನ್ರ. ಚಶ್ಮಾ ಬರೋತನ ಫೋನು ಒಡೀಬಾರ್ದಲ್ಲ."

ವ್ಯಾಪಾರ ಬೇರೆ, ಭವಿಷ್ಯ ಬೇರೆ.

ಆ ಚಶ್ಮಾದ ಜಾಹೀರಾತು ನೋಡಿದ್ದೀರಾ? ಒಬ್ಬ ಬೆಳ್ಳಗಿನ ಮನುಷ್ಯ, ಬೆಳ್ಳಗಿನ ಅಡುಗೆಮನೆ. ಕೈಯಲ್ಲಿನ ಕಾಫಿ ಲೋಟ ನೋಡುತ್ತಾನೆ. ಅದರ ಮೇಲೆ 'ಕಾಫಿ' ಎಂದು ಅಕ್ಷರ ಮೂಡುತ್ತದೆ. ಅವನಿಗೆ ಅಷ್ಟು ಖುಷಿ! ಅಯ್ಯಾ, ಕಾಫಿ ಮಾಡಿದವನು ನೀನೇ ಅಲ್ಲವೇ? ಆಗಲೇ ಮರೆತೆಯಾ?

ಆದರೂ ನನಗೆ ಬೇಕಿತ್ತು. ಯಾಕೆಂದರೆ ನಾನು ನಿಜಕ್ಕೂ ಮರೆಯುವವನು. ಕಾಫಿಯನ್ನಲ್ಲ, ಮುಖಗಳನ್ನು.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಎಂದರೆ ಗಂಡಿಗೆ ಇಡುವ ಗುರುತಿನ ಪರೀಕ್ಷೆ. ಹೋಗಿ ಕೂತಿರುತ್ತೀರೋ ಇಲ್ಲವೋ, ಒಬ್ಬೊಬ್ಬರೇ ಎದುರು ಬಂದು ನಿಲ್ಲುತ್ತಾರೆ. "ನಾ ಯಾರು, ಗುರ್ತು ಸಿಕ್ತೇನು?" ಯಾವುದೋ ಮದುವೆಯ ಪಂಕ್ತಿಯಲ್ಲಿ ನನಗೆ ಸಾರು ಬಡಿಸಿದವರಂತೆ. ನಾನು ನೆನಪಿಟ್ಟಿರಬೇಕಂತೆ! ಸಾರು ನೆನಪಿದೆ. ಬಡಿಸಿದವರು ಹೇಗೆ ನೆನಪಿರುತ್ತಾರೆ? ಈ ಪರೀಕ್ಷೆಯಲ್ಲಿ ಐದು ಸಲ ಫೇಲಾಗಿದ್ದೇನೆ. ಒಂದು ಸಲವಂತೂ ಹುಡುಗಿಯ ಅಮ್ಮನ ಕಾಲಿಗೆ ಬಿದ್ದು, "ಅಜ್ಜಿ, ಆರಾಮ್ರಿ?" ಎಂದಿದ್ದೆ. ಅಲ್ಲಿ ನಮಗೆ ಚಹಾ ಕೂಡ ಬರಲಿಲ್ಲ.

ಈ ಆರನೆಯದು ಕೆಡಬಾರದಿತ್ತು. ಹುಡುಗಿಯ ಹೆಸರು ಶೈಲಜಾ. ಕಂಪ್ಲಿಯಲ್ಲೇ ಲ್ಯಾಬ್ ಟೆಕ್ನಿಷಿಯನ್. ಫೋನಿನಲ್ಲಿ ಒಂದೇ ಒಂದು ಸಲ ಮಾತಾಡಿದ್ದೆವು. ನನ್ನ ಜೋಕಿಗೆ ನಕ್ಕಿದ್ದಳು. ನನ್ನ ಜೋಕಿಗೆ ನಗುವವರು ಎಷ್ಟು ಮಂದಿ ಅಂತ ಈ ಅಂಕಣ ಓದುವ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆಗ ನೆರವಿಗೆ ಬಂದವನು ಗೆಳೆಯ ಮಹಾಂತೇಶ. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ಉಳಿದ ಹೊತ್ತು ಗ್ಯಾಜೆಟ್ ಹುಚ್ಚು. ಅವನು ಅಂಥದ್ದೊಂದು ಚಶ್ಮಾ ತರಿಸಿಕೊಂಡಿದ್ದ. ಒಂದು ಭಾನುವಾರದ ಮಟ್ಟಿಗೆ ಕೊಡಲು ಒಪ್ಪಿದ.

"ಲೇ, ಅವ್ರ ಮನಿಯವ್ರ ಫೋಟೋ ತಗಂಬಾ. ಹೆಸರು ಹಾಕಿ ಫೀಡ್ ಮಾಡ್ತೀನಿ. ಮುಖ ನೋಡಿದ್ಯಂದ್ರ ತಲಿ ಮ್ಯಾಲೆ ಹೆಸರು ಬಂದು ಕುಂದ್ರತೈತಿ."

ಶೈಲಜಾಳ ಅಕ್ಕನ ಮದುವೆಯ ಆಲ್ಬಮ್ಮು ಮದುವೆ ಮಾಡಿಸುವ ಈರಣ್ಣನ ವಾಟ್ಸ್ಯಾಪಿನಲ್ಲಿತ್ತು. ಕೇಳಿದ್ದೇ ತಡ, ಫಾರ್ವರ್ಡ್ ಮಾಡಿದ. ಹೆಸರುಗಳನ್ನೂ, ಒಬ್ಬೊಬ್ಬರ ಸ್ವಭಾವವನ್ನೂ ಅವನೇ ಹೇಳಿದ. ಅಷ್ಟಕ್ಕೆ ನಿಲ್ಲದೆ ಮಹಾಂತೇಶ ಪ್ರತಿ ಹೆಸರಿನ ಕೆಳಗೆ ತನ್ನದೊಂದು ಸಲಹೆಯನ್ನೂ ಟೈಪ್ ಮಾಡಿದ. ಅದನ್ನು ಆಮೇಲೆ ಹೇಳುತ್ತೇನೆ.

ಶನಿವಾರ ಟ್ರಯಲ್ ನೋಡಲು ಬೈಕ್ ಹತ್ತಿ ಸಂಡೂರು ರಸ್ತೆಗೆ ಹೋದೆವು. ಮುಂದೆ ಅದಿರಿನ ಲಾರಿ, ಹಿಂದೆ ಕೆಂಪು ಧೂಳಿನ ಗೋಡೆ. ಚಶ್ಮಾ ಹೇಳಿತು, 'ಸುಂದರ ಸೂರ್ಯಾಸ್ತ.' ಆಗ ಬೆಳಿಗ್ಗೆ ಹತ್ತು ಗಂಟೆ.

ಅಲ್ಲಿಂದ ಹಂಪಿಗೆ ಹೋದೆವು. ಮೇಲ್ಛಾವಣಿ ಹೋಗಿ ಬರೀ ಕಂಬ ನಿಂತಿದ್ದ ಒಂದು ಮಂಟಪ ನೋಡಿದೆ. ಚಶ್ಮಾ ಹೇಳಿತು, 'ಕಟ್ಟಡ ನಿರ್ಮಾಣ ಹಂತದಲ್ಲಿದೆ.'

ನನಗೆ ಇಲ್ಲೇ ಬುದ್ಧಿ ಬರಬೇಕಿತ್ತು. ಬಂತೇ? "ಮನುಷ್ಯಾರ್ನ ಬರೋಬ್ಬರಿ ಗುರ್ತು ಹಿಡಿತೈತಿ ಬಿಡ್ಲೇ, ಕಲ್ಲು ಕಟಗೊಂಡು ನಮಗೇನು" ಎಂದ ಮಹಾಂತೇಶ. ಹೌದಲ್ಲ ಅನ್ನಿಸಿತು.

ಭಾನುವಾರ ಹೊರಡುವಾಗ ಅವ್ವ ನೋಡಿದಳು. "ಕಣ್ಣು ಚೊಲೋ ಅದಾವಲ್ಲೋ, ಮತ್ಯಾಕ ಚಶ್ಮಾ?"

"ಸ್ಟೈಲಿಗವ್ವಾ."

"ಬ್ಯಾಡ. ಕಣ್ಣಿಂದು ಏನೋ ಐತಿ ಅಂತ ತಿಳ್ಕಂತಾರ."

ಐವತ್ತೆಂಟು ವರ್ಷ ಬರಿಗಣ್ಣಲ್ಲಿ ನೋಡಿದವಳ ಮಾತು. ಟೆಕ್ನಾಲಜಿ ಗೊತ್ತಿಲ್ಲದವರ ಮಾತು ಯಾರು ಕೇಳುತ್ತಾರೆ?

ಕಂಪ್ಲಿಯ ಆ ಮನೆ ಹೊಕ್ಕಾಗ ನಡುಮನೆಯ ತುಂಬ ಜನ. ಶೈಲಜಾಳ ತಂದೆ ಪಂಪಣ್ಣನವರು ರೈಸ್ ಮಿಲ್ ಮಾಲೀಕರು. ಅವರ ಪಕ್ಕಕ್ಕೆ ಅಜ್ಜಿ, ಅಂದರೆ ಅವರ ತಾಯಿ. ಸುತ್ತ ಹದಿನಾರು ಮಂದಿ ನೆಂಟರು. ಒಬ್ಬ ದಪ್ಪ ಮೀಸೆಯವರು ಎದುರಿಗೇ ಬಂದು ನಿಂತರು.

"ನಾ ಯಾರು, ಗುರ್ತು ಸಿಕ್ತೇನ್ರಿ?"

ಅವರ ತಲೆಯ ಮೇಲೆ ಹಸಿರು ಅಕ್ಷರ ಮೂಡಿತು. ಆಹಾ!

"ಏನ್ರಿ ಹಂಗಂತೀರಿ, ಕೊಟ್ರೇಶ ಚಿಕ್ಕಪ್ಪಾರಲ್ರಿ?"

ಮನೆ ತುಂಬ ಮೆಚ್ಚುಗೆ. ಆಮೇಲೆ ನನ್ನ ಓಟ ನಿಲ್ಲಲಿಲ್ಲ. ನೀಲಮ್ಮತ್ತಿ, ಸಿದ್ದಣ್ಣ ಮಾವ, ಬಾಗಿಲ ಹಿಂದೆ ಅರ್ಧ ಮುಖ ತೋರಿಸಿದ್ದ ಗಂಗಮ್ಮ ದೊಡ್ಡವ್ವ. ಕೇಳದವರ ಹೆಸರೂ ಹೇಳಿದೆ. "ಹುಡುಗ ಭಾಳ ಮನಿತನಸ್ಥ ಅದಾನ್ರಿ" ಎಂದಿತು ಒಂದು ಧ್ವನಿ. ಅವ್ವನ ಕಣ್ಣಲ್ಲಿ ನೀರೇ ಬಂತು. ನಮ್ಮ ಜೊತೆ ಬಂದಿದ್ದ ಈರಣ್ಣ ಎರಡನೇ ಮಿರ್ಚಿ ಬಜ್ಜಿಗೆ ಕೈ ಹಾಕಿದ.

ಗೆದ್ದವನಿಗೆ ಸುಮ್ಮನೆ ಕೂರಲು ಆಗುತ್ತದೆಯೇ? ಎದುರು ಗೋಡೆಯ ಕಡೆ ತಿರುಗಿದೆ. ಹಸಿರು ಅಕ್ಷರ ಬಂತು: 'ಲಿಂಗಪ್ಪ ತಾತ. ಹುಡುಗಿಯ ಅಜ್ಜ. ಮೊದಲು ಇವರನ್ನು ಮಾತಾಡಿಸು.'

ಅಜ್ಜಿಯ ಕಡೆ ತಿರುಗಿ, ಬಾಯಿ ತುಂಬ ನಕ್ಕು ಕೇಳಿದೆ. "ಮತ್ತ, ಲಿಂಗಪ್ಪ ತಾತಾರು ಹೆಂಗದಾರ್ರಿ? ಆರಾಮೇನ್ರಿ?"

ಅಜ್ಜಿ ಗೋಡೆಯ ಕಡೆ ಕೈ ಮಾಡಿದರು.

ನಿಧಾನಕ್ಕೆ ಅಂದರು, "ಆರಾಮದಾರಪಾ. ಗ್ವಾಡಿ ಮ್ಯಾಲೆ ಅದಾರ. ಅವ್ರ ಕೊಳ್ಳಾಗಿನ ಹಾರ ಕಾಣ್ಲಿಲ್ಲೇನು ನಿನಗ?"

ಅಕ್ಷರದ ಹಿಂದೆ ಗೋಡೆ ಇತ್ತು. ಗೋಡೆಗೆ ಫೋಟೋ, ಫೋಟೋಕ್ಕೆ ಗಂಧದ ಹಾರ. ನಾನು ಅಕ್ಷರ ಮಾತ್ರ ನೋಡಿದ್ದೆ. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ತಾತ ಗಟ್ಟಿಮುಟ್ಟಾಗಿ ಕೂತಿದ್ದರು. ಆಮೇಲೆ ಆದದ್ದನ್ನು ಈರಣ್ಣ ಹೇಳಿರಲಿಲ್ಲ, ಚಶ್ಮಾಕ್ಕೆ ಹೇಗೆ ಗೊತ್ತಾಗಬೇಕು?

ಈಗ ಪಂಪಣ್ಣನವರು ಮುಂದಕ್ಕೆ ಬಾಗಿದರು. "ತಮ್ಮಾ, ಕಣ್ಣಿನ ನಂಬರ್ ಎಷ್ಟೈತಿ?"

ಅವ್ವ ನನ್ನ ಕಡೆ ನೋಡಿದ ನೋಟವನ್ನು ಯಾವ ಚಶ್ಮಾದ ಸಹಾಯವೂ ಇಲ್ಲದೆ ಓದಿದೆ.

"ನಂಬರ್ ಇಲ್ರಿ. ಕಣ್ಣು ಏಕ್ದಂ ಫಸ್ಟ್ ಕ್ಲಾಸ್ ಅದಾವ್ರಿ."

"ಹಂಗಾರ ನೋಡೇಬಿಡೂನು." ಒಳಗಿಂದ ಅಕ್ಕಿ ತರಿಸಿದರು. ಮಿಲ್ಲಿನವರ ಮನೆ, ಕಣ್ಣಿನ ಪರೀಕ್ಷೆಗೆ ಅಕ್ಕಿಗಿಂತ ದೊಡ್ಡ ಸಾಧನ ಏನು ಬೇಕು? ನನ್ನ ಅಂಗೈಗೆ ಒಂದು ಹಿಡಿ ಸುರಿದರು. "ಇದ್ರಾಗ ಏನೇನು ಕಾಣ್ತೈತಿ ಹೇಳು. ಕಲ್ಲು, ನುಚ್ಚು, ಏನಿದ್ರೂ ಹೇಳು."

ಚಶ್ಮಾ ತೆಗೆದು ನೋಡಬಹುದಿತ್ತು. ಹದಿನಾರು ನೆಂಟರನ್ನು ಗೆದ್ದುಕೊಟ್ಟ ಚಶ್ಮಾವನ್ನು ಒಬ್ಬ ತಾತನ ಸಲುವಾಗಿ ಕೈಬಿಡುವುದೇ? ಅಂಗೈ ಹತ್ತಿರ ತಂದು ನೋಡಿದೆ. ಅಕ್ಷರ ಬಂತು. ಓದಿದೆ.

"ಬಿಳಿ ಹುಳ ಅದಾವ್ರಿ."

ರೈಸ್ ಮಿಲ್ ಮಾಲೀಕರ ಮನೆಯಲ್ಲಿ, ನಡುಮನೆಯಲ್ಲಿ ಕೂತು, ಅವರ ಅಕ್ಕಿಯಲ್ಲಿ ಹುಳ ಇದೆ ಎಂದ ಮೊದಲ ಅಳಿಯ (ಆಗಬೇಕಿದ್ದವನು) ನಾನೇ ಇರಬೇಕು. ಈರಣ್ಣ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟ. ಅರ್ಧ ಕಚ್ಚಿದ್ದನ್ನೇ ಇಟ್ಟ.

ಪಂಪಣ್ಣನವರು ಎದ್ದು ನಿಂತರು. ಅಷ್ಟರಲ್ಲಿ, ಅಲ್ಲಿಯವರೆಗೆ ಹೆಂಗಸರ ನಡುವೆ ಕೂತಿದ್ದ ಶೈಲಜಾ ಎದ್ದು ಬಂದಳು.

"ಅಪ್ಪಾ, ಒಂದ್ನಿಮಿಷ ಕುಂದ್ರು. ಇವ್ರು ನಮ್ಮ ಮಾರಿ ನೋಡಿ ಮಾತಾಡವಲ್ರು. ಬಂದಾಗಿಂದ ನಮ್ಮ ತಲಿ ಮ್ಯಾಲೆ ನೋಡಾಕತ್ತಾರ. ಕೊಡ್ರಿ ಇಲ್ಲಿ ಆ ಚಶ್ಮಾ."

ಕೊಟ್ಟೆ. ಹಾಕಿಕೊಂಡಳು. ಚಿಕ್ಕಪ್ಪನ ಕಡೆ ತಿರುಗಿ ಗಟ್ಟಿಯಾಗಿ ಓದಿದಳು.

"ಕೊಟ್ರೇಶ ಚಿಕ್ಕಪ್ಪ. ಮೀಸೆ ಹೊಗಳು. ಬಣ್ಣದ ಸುದ್ದಿ ಎತ್ತಬೇಡ."

ಚಿಕ್ಕಪ್ಪನ ಕೈ ಮೀಸೆಗೆ ಹೋಯಿತು.

"ನೀಲಮ್ಮತ್ತಿ. ಸೊಸೆ ಬಗ್ಗೆ ಕೇಳಬೇಡ, ಸಂಜೆ ಆಗುತ್ತೆ." ಒಬ್ಬರು ನಕ್ಕರು. ನೀಲಮ್ಮತ್ತಿ ಅಲ್ಲ.

"ಹುಡುಗಿಯ ಅಪ್ಪ. ಸಿಟ್ಟಿನ ಮನುಷ್ಯ. ಬಾಗಿಲ ಹತ್ತಿರ ಕೂತ್ಕೋ." ಪಂಪಣ್ಣನವರು ನಾನು ಕೂತ ಜಾಗ ನೋಡಿದರು. ಬಾಗಿಲ ಹತ್ತಿರವೇ ಇತ್ತು.

ಆಮೇಲೆ ಅವಳು ತನ್ನ ತಾಯಿಯ ಕಡೆ ತಿರುಗಿದಳು. ಓದಲಿಲ್ಲ. ನನ್ನನ್ನು ಕೇಳಿದಳು, "ನಮ್ಮವ್ವನ ಫೋಟೋ ಇದಕ್ಕ ಹಾಕಾಕ ನಮ್ಮವ್ವನ್ನ ಕೇಳಿದ್ರೇನ್ರಿ?"

ನೋಡಿ, ನಾನು ಜೋಕು ಮಾಡಿ ಬದುಕುವ ಪ್ರಾಣಿ. ಇದು ಮಾತ್ರ ಜೋಕಾಗಿರಲಿಲ್ಲ. ಬೆಳಿಗ್ಗೆ ಎದ್ದು ಮಿರ್ಚಿ ಕರಿದು, ಸೆರಗು ಸರಿ ಮಾಡಿಕೊಂಡು ನಿಂತಿದ್ದ ಆ ತಾಯಿಗೆ ತಾನು ಯಾರದ್ದೋ ಚಶ್ಮಾದೊಳಗೆ ಒಂದು ಫೈಲು ಅಂತ ಗೊತ್ತೇ ಇರಲಿಲ್ಲ. ಈ ಚಶ್ಮಾ ಊರಿಗೆಲ್ಲ ಬಂದ ದಿನ ಏನಾಗುತ್ತದೆ? ಬಸ್ಸಿನಲ್ಲಿ ಎದುರು ಸೀಟಿನವನು ನಮ್ಮನ್ನು ನೋಡುತ್ತಿದ್ದಾನೋ, ಓದುತ್ತಿದ್ದಾನೋ?

"ಇಲ್ರಿ. ಕೇಳ್ಲಿಲ್ರಿ. ತಪ್ಪಾತು" ಎಂದೆ.

ಅವಳು ಕೊನೆಗೆ ನನ್ನ ಕಡೆ ನೋಡಿದಳು. ನಗು ತಡೆದುಕೊಂಡಂತೆ ಕಂಡಿತು. (ಕಂಡಿತೋ, ನನ್ನ ಆಸೆಯೋ.)

"ನಿಮ್ಮ ತಲಿ ಮ್ಯಾಲೆ ಏನು ಬರದೈತಿ ಗೊತ್ತೇನ್ರಿ? 'ಗುರುತು ಸಿಕ್ಕಿಲ್ಲ.'"

ಮಹಾಂತೇಶ ಎಲ್ಲರ ಫೋಟೋ ಹಾಕಿದ್ದ. ನನ್ನದು ಹಾಕುವುದು ಯಾರಿಗೆ ಹೊಳೆಯಬೇಕು?

ಎಲ್ಲರ ಎದುರೇ ಚಶ್ಮಾಕ್ಕೆ ಜೋಡಿಸಿದ್ದ ಫೋನ್ ತೆಗೆದು ಒಂದೊಂದೇ ಫೋಟೋ ಡಿಲೀಟ್ ಮಾಡಿದೆ. ಅವಳು ಪಕ್ಕದಲ್ಲಿ ನಿಂತು ನೋಡಿದಳು, ಲ್ಯಾಬಿನಲ್ಲಿ ಸ್ಯಾಂಪಲ್ ನೋಡುವ ಹಾಗೆ. ಮುಗಿದ ಮೇಲೆ, "ಈಗ ಹೇಳ್ರಿ, ಇಲ್ಲಿ ಯಾರ್ಯಾರು ಗುರ್ತದಾರ ನಿಮಗ?" ಎಂದಳು.

ಹದಿನೆಂಟು ಮುಖಗಳ ನಡುವೆ ಮೂರೇ ಗೊತ್ತಾದವು. ಹಾರ ತೋರಿಸಿದ ಅಜ್ಜಿ, ಅಕ್ಕಿ ಸುರಿದ ಪಂಪಣ್ಣನವರು, ಮಿರ್ಚಿ ಕರಿದ ಆ ತಾಯಿ. ದಪ್ಪ ಮೀಸೆಯವರು ಎದುರಿಗೇ ಇದ್ದರು. ಹೆಸರು ನಾಲಿಗೆಯ ತುದಿಗೂ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಒಂದೇ ಮಾತು ಕೇಳಿದಳು. ಅದೇ ಅವಳ ಕೊನೆಯ ಮಾತು, ಈ ವಾರಕ್ಕೆ.

"ಹುಡುಗಿ ಹೆಂಗದಾಳ?"

ಯೋಚಿಸಿದೆ. ಅವಳ ಸೀರೆಯ ಬಣ್ಣ ನೆನಪಿಲ್ಲ. ಮೂಗುತಿ ಇತ್ತೋ ಇಲ್ಲವೋ ಗೊತ್ತಿಲ್ಲ. ಚಶ್ಮಾ ಕೊಟ್ಟ ಮೇಲೆ ನಾಚಿಕೆಗೆ ಅವಳ ಕಡೆ ನೆಟ್ಟಗೆ ನೋಡಿರಲಿಲ್ಲ. ಅದಕ್ಕೂ ಮೊದಲು ನಾನು ಕಂಡದ್ದು ಅವಳ ತಲೆಯ ಮೇಲೆ ಮಹಾಂತೇಶ ಬರೆದಿದ್ದ ಹಸಿರು ಅಕ್ಷರ ಮಾತ್ರ: 'ಇವಳೇ. ಪಕ್ಕದವಳಲ್ಲ.'

ಆರು ಸಲ ಹೆಣ್ಣು ನೋಡಲು ಹೋಗಿ, ನೋಡದೇ ಬಂದದ್ದು ಇದೊಂದೇ ಸಲ.

ನಿನ್ನೆ ಅಂಗಡಿಗೆ ಈರಣ್ಣನ ಫೋನು ಬಂತು. ಬೈಗುಳಕ್ಕೆ ಕಿವಿ ರೆಡಿ ಮಾಡಿಕೊಂಡೇ ಎತ್ತಿದೆ.

"ಪಂಪಣ್ಣ ಬ್ಯಾಡಂದ ನೋಡಪಾ. ಆದ್ರ ಹುಡುಗಿ ಏನಂದಾಳಂದ್ರ, 'ಅವ್ರ ಗುರ್ತು ಇನ್ನಾ ಸಿಕ್ಕಿಲ್ಲ, ಇನ್ನೊಮ್ಮೆ ಬರ್ಲಿ, ಚಶ್ಮಾ ಬಿಟ್ಟು ಬರ್ಲಿ.' ಈ ಭಾನುವಾರ ಹೋಗೂನು."

ಎದೆ ಹೂವಾಯಿತು. "ಅಜ್ಜಿ ಏನಂದ್ರಣ್ಣ?" ಎಂದೆ.

"ಅಜ್ಜಿ ಒಪ್ಪ್ಯಾಳ. ಬರೋವಾಗ ತಾತಗ ಒಂದು ಹಾರ ತರಾಕ ಹೇಳ್ಯಾಳ. ದಪ್ಪಂದು ತರಬೇಕಂತ, ನಿನಗ ಕಾಣೂವಂಥಾದ್ದು."