ಹಗೇವಿನ ಬಾಯಿಗಿಟ್ಟ ಕಲ್ಲು

ನಮ್ಮ ಹಿತ್ತಲಿನಲ್ಲಿ, ನುಗ್ಗೇಮರದ ನೆರಳು ಬೀಳುವ ಕಡೆ, ಒಂದು ಹಾಸುಗಲ್ಲಿದೆ. ಅವ್ವ ಅವರೇಕಾಯಿ ಸುಲಿಯಲು ಕೂರುವುದು ಅದರ ಮೇಲೆಯೇ. ಸೊಸೆಯ ಮೇಲೆ ಮುನಿಸು ಬಂದ ದಿನ ಅಡುಗೆಮನೆಗೆ ಬೆನ್ನು ಹಾಕಿ ಕೂರುವುದೂ ಅಲ್ಲಿಯೇ. ಆದರೆ ಇಡೀ ಕಲ್ಲು ಖಾಲಿ ಬಿದ್ದಿದ್ದರೂ ಒಂದು ಅಂಚಿನಲ್ಲಿ ಮಾತ್ರ, ಬಸ್ಸಿನಲ್ಲಿ ಪರಿಚಯವಿಲ್ಲದವರ ಪಕ್ಕ ಕೂತಂತೆ, ಮುದುಡಿಕೊಂಡು ಕೂರುತ್ತಾಳೆ. ನೀವು ಎಂದಾದರೂ ಸಮೇತನಹಳ್ಳಿಗೆ ಬಂದು ಆ ಕಲ್ಲಿನ ಕಡೆ ಕಣ್ಣು ಹಾಯಿಸಿದರೆ ನಾನು ಒಮ್ಮೆ ನಿಮ್ಮ ಮುಖವನ್ನೇ ದಿಟ್ಟಿಸಿ ನೋಡಿಯೇನು, ಬೇಸರ ಮಾಡಿಕೊಳ್ಳಬೇಡಿ. ಅನುಮಾನ ನನ್ನ ಹುಟ್ಟುಗುಣ. ಎಣ್ಣೆಯವನು ನಗುನಗುತ್ತಾ ಅಳೆದುಕೊಟ್ಟರೆ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ. ಬೀಗರು ಉಪಚಾರ ಜಾಸ್ತಿ ಮಾಡಿದರೆ, ಇದು ಯಾವ ಕೆಲಸಕ್ಕೆ ಪೀಠಿಕೆಯೋ ಎಂದು ಹೋಳಿಗೆಯ ರುಚಿಯೂ ಕೆಟ್ಟುಹೋಗುತ್ತದೆ.

ಆ ಕಲ್ಲು ನಮ್ಮ ಹಗೇವಿನ ಮುಚ್ಚಳ. ಹಗೇವೆಂದರೆ ನೆಲದೊಳಗೆ ದೊಡ್ಡ ಮಡಕೆಯ ಆಕಾರಕ್ಕೆ ತೋಡಿದ ಗುಂಡಿ. ಬಾಯಿಯ ತನಕ ರಾಗಿ ತುಂಬಿ, ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳದು. ಯುದ್ಧದ ಕಾಲದಲ್ಲಿ ಸರ್ಕಾರ ಲೆವಿ ಎಂದು ಮನೆಮನೆಯ ಧಾನ್ಯ ಎಳೆದುಕೊಂಡು ಹೋಗುತ್ತಿದ್ದಾಗ, ಕೊಡಬೇಕಾದ್ದನ್ನು ಕೊಟ್ಟು, ಉಳಿದದ್ದನ್ನು ನಾವು ಅದರಲ್ಲಿ ಅಡಗಿಸಿದ್ದೆವು. ಅದು ಲೆವಿ ವಸೂಲಿಗೆ ಬರುವ ಶೇಕ್ದಾರರ ಕಣ್ಣಿಗೆ ಬಿದ್ದರೆ ಮುಂದಿನ ಸುಗ್ಗಿಯವರೆಗೆ ನಮ್ಮ ಮನೆಯ ಒಲೆಗೆ ಕೆಲಸವಿರುತ್ತಿರಲಿಲ್ಲ. ಅವ್ವನಿಗೆ ಅದೇ ಹೆದರಿಕೆ, ನನಗೂ ಅದೇ.

ಇಂಥ ಹೊತ್ತಿನಲ್ಲಿ ಹೊಸಕೋಟೆಯ ಕೆಲವರು ಸೇರಿ ಚರಿತ್ರೆಯ ಸಂಘವೊಂದನ್ನು ಕಟ್ಟಿದರು. ಭಾನುವಾರ ಬಂತೆಂದರೆ ಉಪನ್ಯಾಸ. ಶಾಲೆಯ ಮಕ್ಕಳನ್ನು ಕೆರೆಯ ತೂಬಿನ ಬಳಿಗೆ ಕರೆದೊಯ್ದು ಅದನ್ನು ಯಾರು ಕಟ್ಟಿಸಿದರೆಂಬ ಪಾಠ. ಯಾರ ಮನೆಯದೋ ತುಕ್ಕು ಹಿಡಿದ ಕತ್ತಿ, ಯಾರದೋ ತಾಮ್ರದ ಹಂಡೆಗಳನ್ನು ಮೇಜಿನ ಮೇಲಿಟ್ಟು ಪ್ರದರ್ಶನ. ಜನ ಹೊಗಳಿದರು. ನಾನು ಹೊಗಳಲಿಲ್ಲ. ಅಕ್ಕಿಗೆ ಕ್ಯೂ ನಿಲ್ಲುವ ಕಾಲದಲ್ಲಿ, ಪೆಟ್ರೋಲಿಲ್ಲದೆ ಬಸ್ಸೇ ಇದ್ದಿಲು ತಿಂದುಕೊಂಡು ಏದುಸಿರು ಬಿಡುತ್ತಾ ಓಡುವ ಕಾಲದಲ್ಲಿ, ಹೊಟ್ಟೆ ತುಂಬಿಸದ ಹಳೆಯ ಸಂಗತಿಗಾಗಿ ನಾಲ್ಕು ಜನ ಬುದ್ಧಿವಂತರು ಬಿಸಿಲಲ್ಲಿ ಅಲೆಯುತ್ತಾರೆಂದರೆ ಒಳಗೆ ಏನೋ ಇರಲೇಬೇಕು ಎಂದುಕೊಂಡೆ. ಅವರು ಊರೂರಿನ ಶಾಲೆಗೆ ಹೋಗಿ, ನಿಮ್ಮ ಮನೆಯಲ್ಲಿ ಹಳೆಯದು ಏನೇನಿದೆ ಹೇಳಿ ಮಕ್ಕಳೇ ಎಂದು ಕೇಳತೊಡಗಿದ ಮೇಲಂತೂ ನನ್ನ ಅನುಮಾನಕ್ಕೆ ಕೋಡು ಮೂಡಿತು. ದೊಡ್ಡವರ ಬಾಯಿ ಬಿಡಿಸಲಾಗದೆ ಮಕ್ಕಳ ಬಾಯಿಗೆ ಕೈ ಹಾಕಿದ್ದಾರೆ, ಇದು ಲೆವಿಯವರದೇ ಹೂಟ ಎಂದು ಅವ್ವನ ಮುಂದೆ ಸಾರಿದೆ.

ಸಾರಿದ ವಾರದಲ್ಲೇ ನನ್ನ ಮಗಳು ಕೆಂಪಿ ತರಗತಿಯಲ್ಲಿ ಎದ್ದು ನಿಂತು, ನಮ್ಮ ಹಗೇವಿನ ಕಲ್ಲಿನ ಅಡಿಯಲ್ಲಿ ಕತ್ತಿ ಹಿಡಿದವನ ಬೊಂಬೆಯೂ ಅಕ್ಷರವೂ ಇದೆಯೆಂದು ಹೆಮ್ಮೆಯಿಂದ ಹೇಳಿ ಶಹಬಾಸ್ ಅನ್ನಿಸಿಕೊಂಡು ಬಂದಳು. ಮಾರನೆಯ ದಿನವೇ ಸಂಘದ ಕಾರ್ಯದರ್ಶಿ, ಹೊಸಕೋಟೆಯ ಮಿಡ್ಲ್ ಸ್ಕೂಲಿನ ಮೇಷ್ಟ್ರು, ಸೈಕಲ್ಲಿನಲ್ಲಿ ಬಂದಿಳಿದರು. ಸಣಕಲು ಮೈ, ಕಿವಿಯ ಮೇಲೆ ಮಸಿಯ ಕಲೆ. ಭಾನುವಾರ ಸಂಘದವರೆಲ್ಲ ಬಂದು ಕಲ್ಲಿನ ಅಚ್ಚು ತೆಗೆಯುವುದಾಗಿಯೂ, ಊರವರಿಗೆ ಅದರ ವಿಷಯವಾಗಿ ಭಾಷಣವಾಗುವುದಾಗಿಯೂ, ಅಧ್ಯಕ್ಷತೆಗೆ ಶೇಕ್ದಾರರು ಒಪ್ಪಿದ್ದಾರೆಂದೂ ಸಂತೋಷದಿಂದ ತಿಳಿಸಿದರು. ಶೇಕ್ದಾರರು! ನನ್ನ ಕಾಲಿನ ಕೆಳಗಿನ ನೆಲ, ಅದರ ಕೆಳಗಿನ ರಾಗಿ, ಎರಡೂ ಅಲುಗಾಡಿದವು.

ಅಕ್ಷರ ನೋಡಬೇಕಾದರೆ ಕಲ್ಲು ಮಗುಚಬೇಕು. ಮಗುಚಿದರೆ ಹಗೇವಿನ ಬಾಯಿ ತೆರೆಯುತ್ತದೆ. ಬಹಳ ತಲೆ ಕೆಡಿಸಿಕೊಂಡು ಒಂದು ಉಪಾಯ ಕಂಡುಹಿಡಿದೆ. ಭಾನುವಾರ ಬೆಳಕು ಹರಿಯುವ ಮುಂಚೆ ತಮ್ಮನೂ ನಾನೂ ಹಾರೆ ಹಾಕಿ ಕಲ್ಲನ್ನು ಮಗುಚಿ, ಅಕ್ಷರದ ಮೈಯನ್ನು ಮೇಲೆ ಮಾಡಿ, ಮತ್ತೆ ಬಾಯಿಗೆ ಕೂರಿಸಿ, ಮಣ್ಣು ಮೆತ್ತಿ, ಮೇಲೆ ಸಗಣಿ ಸಾರಿಸಿಬಿಟ್ಟೆವು. ಇನ್ನು ಯಾರೂ ಕಲ್ಲನ್ನು ಎತ್ತಿಸುವ ಮಾತೇ ಇಲ್ಲ, ಬರಲಿ ನೋಡೋಣ ಎಂದು ಮೀಸೆ ತಿರುವಿಕೊಂಡೆ.

ಅವರು ಬಂದರು, ಜನವೂ ಸೇರಿತು. ನಿಮಗೆ ತೊಂದರೆ ಯಾಕೆಂದು ನಾವೇ ಮಗುಚಿಟ್ಟೆವು, ಹಗೇವು ಬರಿದಾಗಿ ಎಷ್ಟೋ ಕಾಲವಾಯಿತು ಎಂದು ಯಾರೂ ಕೇಳದಿದ್ದರೂ ನಾನೇ ಹೇಳಿದೆ. ಶೇಕ್ದಾರರು ಕಲ್ಲಿನ ಪಕ್ಕದಲ್ಲೇ ಬೆತ್ತ ಊರಿ ನಿಂತರು. ಮೇಷ್ಟ್ರು ಮಂಡಿಯೂರಿ, ಅಚ್ಚು ತೆಗೆಯುವ ಮುಂಚೆ ಕಲ್ಲನ್ನು ಉಜ್ಜಿ ಶುಚಿ ಮಾಡುವ ಬ್ರಷ್ಷನ್ನು ಕೈಗೆತ್ತಿಕೊಂಡು, ಬಗ್ಗಿದವರು ಹಾಗೆಯೇ ಕೈ ತಡೆದರು. ಅವರ ಭುಜದ ಮೇಲಿಂದ ನಾನೂ ಬಗ್ಗಿ ನೋಡಿದೆ. ಅಕ್ಷರದ ಗೀರುಗಳಲ್ಲಿ, ಬೊಂಬೆಯ ಕತ್ತಿಯಲ್ಲಿ, ಕಣ್ಣಿನ ಗುಳಿಯಲ್ಲಿ, ಎಲ್ಲೆಲ್ಲೂ ರಾಗಿ. ಹಗೇವಿನ ಪಸೆಗೆ ಅಂಟಿಕೊಂಡ ಕೆಂಪು ಕೆಂಪು ರಾಗಿ. ಬ್ರಷ್ಷು ಒಂದು ಸಲ ಆಡಿದರೆ ಸಾಕು, ಶೇಕ್ದಾರರ ಮೆಟ್ಟಿನ ಮುಂದೆ ಸುರಿಯುತ್ತದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಮೇಷ್ಟ್ರು ತಲೆಯೆತ್ತದೆ ಹೇಳಿದರು: "ಸ್ವಾಮಿ, ಸ್ವಲ್ಪ ದೂರ ನಿಂತ್ಕೊಳ್ಳಿ, ಮಸಿ ಹಾರುತ್ತೆ, ಬಟ್ಟೆ ಕೆಡುತ್ತೆ."

ಶೇಕ್ದಾರರು ನುಗ್ಗೇಮರದ ಬುಡಕ್ಕೆ ಸರಿದರು. ಮೇಷ್ಟ್ರು ಬ್ರಷ್ಷನ್ನು ಕೆಳಗಿಟ್ಟು, ಉಜ್ಜದ ಕಲ್ಲಿನ ಮೇಲೆಯೇ ಒದ್ದೆ ಕಾಗದ ಹಾಸಿ, ಬಡಿದು, ಮಸಿ ಒತ್ತಿದರು. ಬಂದದ್ದು ಸಿಡುಬಿನ ಕಲೆಯ ಮುಖದಂಥ ಒಂದು ಕರಿ ಹಾಳೆ. ಅದನ್ನೇ ಸಭೆಯಲ್ಲಿ ಎತ್ತಿ ತೋರಿಸಿ, ಅಕ್ಷರ ಸವೆದುಹೋಗಿದೆ, ಓದಲು ಬರುವುದಿಲ್ಲ ಎಂದುಬಿಟ್ಟರು. ಇಷ್ಟಕ್ಕೇ ನಮ್ಮನ್ನು ಇಷ್ಟು ದೂರ ಕರೆತಂದಿರಾ ಎಂದು ಸಂಘದವರೇ ಗೊಣಗಿದರು, ಶೇಕ್ದಾರರು ನಕ್ಕರು, ಜಟಕಾ ಹೊರಟಿತು. ಅವ್ವ ನನ್ನ ಕಡೆ ತಿರುಗಿ, "ಬಂದೋರ ಮೇಲೆಲ್ಲಾ ಅನುಮಾನ ಪಟ್ಟೆ, ಕಲ್ಲು ತೊಳೆಯೋದು ಮರ್ತ್ಬಿಟ್ಟೆಯಲ್ಲೋ" ಎಂದಳು.

ಈಗಲಾದರೂ ನನ್ನ ಅನುಮಾನ ನೀಗಿರಬೇಕೆಂದು ನೀವು ಎಣಿಸಿದರೆ ನನ್ನನ್ನು ಅರಿತಿಲ್ಲವೆಂದೇ ಅರ್ಥ. ಆ ಮೇಷ್ಟ್ರು ಮನುಷ್ಯ ರಾಗಿ ನೋಡಿದನೋ, ನೋಡಲಿಲ್ಲವೋ? ನೋಡಿದ್ದರೆ ಪಾಲು ಕೇಳಲು ಇಂದಲ್ಲ ನಾಳೆ ಬಂದೇ ಬರುತ್ತಾನೆಂದು ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಬೆಚ್ಚಿದೆ. ಅವರು ಬರಲಿಲ್ಲ. ನಾವು ಮುದ್ದೆ ಉಂಡೆವು, ಮಳೆ ಬಂತು, ಹೊಸ ಪೈರು ಬಂತು, ಆ ಶೇಕ್ದಾರರೂ ವರ್ಗವಾಗಿ ಹೋದರು, ಆಗಲೂ ಬರಲಿಲ್ಲ. ಹೀಗೆ ಏನೂ ಕೇಳದ ಮನುಷ್ಯನನ್ನು ಅನುಮಾನಿಸುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಯುದ್ಧ ಮುಗಿದು, ಲೆವಿಯ ಬಿಗಿ ಸಡಿಲಿದ ಮೇಲೆ, ಕೊನೆಗೆ ನಾನೇ ಹೊಸಕೋಟೆಗೆ ಹೋದೆ. ಕಲ್ಲನ್ನು ಈಗ ತೊಳೆದಿದ್ದೇವೆ, ಒಂದೆರಡು ಅಕ್ಷರ ಕಾಣಿಸುವ ಹಾಗಿದೆ, ಬಿಡುವಾದಾಗ ಒಮ್ಮೆ ಬರಬಹುದೇನೋ ಎಂದು ಸುತ್ತಿ ಬಳಸಿ ಹೇಳುತ್ತಿದ್ದೆ. ಮೇಷ್ಟ್ರು ಪೂರ್ತಿ ಕೇಳಿ, ಬಹಳ ಮೆಲ್ಲಗೆ, "ರಾಗಿ ಎಲ್ಲಾ ಉದುರಿಹೋಯ್ತೇನಪ್ಪಾ?" ಎಂದರು.

ಆ ಮುಖದಲ್ಲಿ ಕುಹಕವೇನಾದರೂ ಇದೆಯೇ ಎಂದು ಹುಡುಕಿದೆ. ಸಿಕ್ಕಲಿಲ್ಲ. ಅವರು ಆಗಲೇ ಬ್ರಷ್ಷು ತರಲು ಒಳಗೆ ಹೋಗಿದ್ದರು.

ಈ ಸಲ ಅಚ್ಚು ಚೊಕ್ಕವಾಗಿ ಬಂತು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ಅವನ್ನು ಬಿಡಿಸಿ ತಂದು ಸತ್ತವನ ವೀರಗಲ್ಲಂತೆ, ಅವನ ತಮ್ಮ ನಿಲ್ಲಿಸಿದ್ದಂತೆ, ಸತ್ತವನ ಹೆಸರು ಮಾರ. ನಾವು ಆ ರಾಗಿ ಉಂಡಷ್ಟು ದಿನವೂ ಮಾರ ಹೆಸರಿಲ್ಲದೆ ಬಿದ್ದಿದ್ದ. ಬಿದ್ದಿರಲಿ ಎಂದು ಅಂದು ಬಿಟ್ಟುಹೋದ ಮೇಷ್ಟ್ರು ಅವನನ್ನು ಹುಡುಕಿಕೊಂಡೇ ಬಂದಿದ್ದವರು.

ಅಂದಿನಿಂದ ಅವ್ವ ಆ ಕಲ್ಲಿನ ಅಂಚಿಗೇ ಕೂರುತ್ತಾಳೆ. ಅವರೇಕಾಯಿಯ ಸಿಪ್ಪೆ ಅಕ್ಷರದ ಮೇಲೆ ಬಿದ್ದರೆ, ಮಲಗಿದವನ ಮೇಲೆ ಬಿದ್ದಿತೆಂಬಂತೆ, ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕುತ್ತಾಳೆ.